ಹದಿನಾರು ಹಾಡು, ಐದು ಮೈಕು: ಶೂಮನ್‌ನ ‘ಡಿಶ್ಟರ್‌ಲೀಬೆ’ ಧ್ವನಿಮುದ್ರಣದ ಕೆಲಸದ ಟಿಪ್ಪಣಿ

ಕೆಲಸ ಇಷ್ಟು: ‘ಡಿಶ್ಟರ್‌ಲೀಬೆ’ (‘ಕವಿಯ ಪ್ರೀತಿ’) ಎಂಬ ಹಾಡಿನ ಮಾಲೆ, ಒಬ್ಬ ಟೆನರ್ (ಗಂಡು ಕಂಠಗಳಲ್ಲಿ ಎತ್ತರದ್ದು), ಒಬ್ಬ ಪಿಯಾನೋ ವಾದಕ, 16 ಹಾಡು, ಒಟ್ಟು ಸುಮಾರು 29 ನಿಮಿಷ. ಕೈಯಲ್ಲಿರುವುದು ಎರಡು ದಿನ. ಜರ್ಮನ್ ಕವಿ ಹೈನ್ರಿಶ್ ಹೈನೆಯ ಕವಿತೆಗಳಿಗೆ ಸಂಗೀತಕಾರ ರಾಬರ್ಟ್ ಶೂಮನ್ 1840ರಲ್ಲಿ ಸಂಗೀತ ಕೂಡಿಸಿದ. ಮೊದಲು ಬರೆದದ್ದು 20 ಹಾಡು. 1844ರಲ್ಲಿ ಲೈಪ್ಜಿಗ್‌ನ ಪೇಟರ್ಸ್ ಪ್ರಕಾಶನದಿಂದ ಅಚ್ಚಾಗುವಾಗ ನಾಲ್ಕು ಬಿಟ್ಟು 16 ಉಳಿದವು.

ಕವಿಯ ಮಾತಿಗೆ ಇನ್ನೊಬ್ಬರು ರಾಗ ಹಾಕುವುದು ಭಾವಗೀತೆ ಕೇಳಿ ಬೆಳೆದವರಿಗೆ ಹೊಸದಲ್ಲ. ಆದರೆ ಭಾವಗೀತೆಯಲ್ಲಿ ಹಾರ್ಮೋನಿಯಂ ಸಾಮಾನ್ಯವಾಗಿ ಕಂಠದ ಬೆನ್ನಿಗೇ ಹೋಗುತ್ತದೆ. ಇಲ್ಲಿ ಪಿಯಾನೋಗೆ ತನ್ನದೇ ಮಾತಿದೆ. ಗಾಯಕ ಬಾಯಿ ಮುಚ್ಚಿದ ಮೇಲೂ ಅದು ಹೇಳುತ್ತಲೇ ಇರುತ್ತದೆ, ಎಷ್ಟೋ ಹಾಡಿನಲ್ಲಿ ಕೊನೆಯ ಮಾತೂ ಅದರದ್ದೇ. ಆದ್ದರಿಂದ ಕಂಠಕ್ಕೊಂದು ಮೈಕು, ಪಿಯಾನೋಗೆ ಎರಡು ಮೈಕು, ಆಮೇಲೆ ಮಿಕ್ಸರಿನಲ್ಲಿ ನೋಡಿಕೊಂಡರಾಯಿತು ಎಂದು ಹೊರಟರೆ ಕೆಲಸ ಕೆಡುತ್ತದೆ. ಇಬ್ಬರೂ ಒಂದೇ ಗಾಳಿಯಲ್ಲಿ ಇದ್ದಾರೆ ಅನ್ನಿಸಬೇಕು. ಅದು ಕೂಡಿಬರುವುದು ಹಾಲ್‌ನ ನೆಲದ ಮೇಲೆ, ಅಳತೆ ಟೇಪ್ ಹಿಡಿದು.

ಹಾಲ್

ಜರ್ಮನಿಯ ಒಂದು ಹಳ್ಳಿ, ಚರ್ಚಿಗೆ ಸೇರಿದ ಸಭಾಂಗಣ, ನವೆಂಬರ್ ತಿಂಗಳು. 20 ಮೀಟರ್ ಉದ್ದ, 10 ಅಗಲ, 7 ಎತ್ತರ. ಮರದ ನೆಲ, ಗಾರೆ ಗೋಡೆ. ಬಲೂನು ಒಡೆದು ಅಳೆದಾಗ ಅನುರಣನ, ಅಂದರೆ ಸದ್ದಿನ ಗುಂಗು ಅಡಗಲು ಹಿಡಿಯುವ ಹೊತ್ತು, 1.5 ಸೆಕೆಂಡ್. ಈ ಬಗೆಯ ಹಾಡಿಗೆ 1.2ರಿಂದ 1.6 ಸೆಕೆಂಡ್ ಒಳ್ಳೆಯ ಅಳತೆ. 2 ಸೆಕೆಂಡ್ ದಾಟಿದರೆ ಜರ್ಮನ್ ಪದಗಳ ಕೊನೆಯ ವ್ಯಂಜನಗಳು ಹಿಂದಿನ ಸ್ವರದ ಗುಂಗಿನಲ್ಲಿ ಮುಳುಗುತ್ತವೆ. 1ಕ್ಕಿಂತ ಕಡಿಮೆಯಾದರೆ ಪಿಯಾನೋ ಪೆಟ್ಟಿಗೆಯೊಳಗಿಂದ ಕೇಳಿದ ಹಾಗಿರುತ್ತದೆ, ಗಾಯಕನೂ ಹಾಲ್‌ನಿಂದ ಏನೂ ವಾಪಸು ಬರದೆ ಗಂಟಲು ಒತ್ತತೊಡಗುತ್ತಾನೆ.

ನೇರ ಸದ್ದು ಮತ್ತು ಹಾಲ್‌ನ ಸದ್ದು ಸಮವಾಗುವ ದೂರವನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಮೈಕು ಹುಡುಕಾಟದ ಅರ್ಧ ದಿನ ಉಳಿಯುತ್ತದೆ. ಘನಮೀಟರ್ ಲೆಕ್ಕದ ಗಾತ್ರವನ್ನು ಅನುರಣನದ ಸೆಕೆಂಡಿನಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಬೇಕು. ಇಲ್ಲಿ 1400 ಭಾಗಿಸು 1.5, ಅದರ ವರ್ಗಮೂಲ ಸುಮಾರು 30.5, ಉತ್ತರ 1.74 ಮೀಟರ್. ಎಲ್ಲ ದಿಕ್ಕಿಗೂ ಕಿವಿ ತೆರೆದ ಓಮ್ನಿ ಮೈಕನ್ನು ಇದರಾಚೆ ಇಟ್ಟರೆ ಪಿಯಾನೋಗಿಂತ ಹಾಲ್ ಹೆಚ್ಚು ಕೇಳುತ್ತದೆ. ಹಾಗಾಗಿ ಪಿಯಾನೋ ಜೋಡಿಗೆ ಆರಂಭದ ಜಾಗ 1.5 ಮೀಟರ್ ಎಂದು ಗೊತ್ತಾಯಿತು.

ಗದ್ದಲದ ಮಟ್ಟ: ಹೀಟರ್ ನಡೆಯುವಾಗ 33 ಡೆಸಿಬೆಲ್, ನಿಲ್ಲಿಸಿದಾಗ 21. ನಿಲ್ಲಿಸಿದ ಮೇಲೂ ಕಬ್ಬಿಣದ ರೇಡಿಯೇಟರ್ ತಣಿಯುತ್ತ 25 ನಿಮಿಷ ಟಿಕ್ ಟಿಕ್ ಅನ್ನುತ್ತಿತ್ತು. ಆ ಹೊತ್ತನ್ನು ಶ್ರುತಿ ಮಾಡುವುದಕ್ಕೆ ಬಿಟ್ಟುಕೊಡುವುದೇ ಸರಿ. ಪಕ್ಕದ ಅಡುಗೆಮನೆಯ ಫ್ರಿಜ್ ಆರಿಸಬೇಕು. ಆರಿಸಿದವರು ತಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಟ್ಟರೆ ಸಂಜೆ ಮತ್ತೆ ಹಾಕದೆ ಮನೆಗೆ ಹೋಗಲಾಗುವುದಿಲ್ಲ. ಚರ್ಚಿನ ಗಂಟೆ 15 ನಿಮಿಷಕ್ಕೊಮ್ಮೆ ಹೊಡೆಯುತ್ತದೆ, ಅದಕ್ಕೆ ಮದ್ದಿಲ್ಲ. ಗಡಿಯಾರ ನೋಡಿ 12 ನಿಮಿಷದ ಕಿಟಕಿಗಳಲ್ಲಿ ಟೇಕ್ ತೆಗೆದುಕೊಂಡದ್ದಾಯಿತು. ಯಾವ ಹಾಡೂ 5 ನಿಮಿಷ ಮೀರದ ಕಾರಣ ಇದು ಸಾಧ್ಯವಾಯಿತು.

ಪಿಯಾನೋ

ಸ್ಟೈನ್ವೇ ಬಿ, 211 ಸೆಂಟಿಮೀಟರ್. ದೊಡ್ಡ ಡಿ ಮಾದರಿ, 274 ಸೆಂಟಿಮೀಟರಿನದು, ಈ ಹಾಲ್‌ಗೂ ಈ ಹಾಡುಗಳಿಗೂ ಜಾಸ್ತಿಯಾಗುತ್ತದೆ. ಶೂಮನ್ ದಂಪತಿಯ ಮನೆಯಲ್ಲಿದ್ದುದು ವಿಯೆನ್ನಾದ ಕೊನ್ರಾಡ್ ಗ್ರಾಫ್ ಮಾಡಿದ, ಮರದ ಚೌಕಟ್ಟಿನ ಪಿಯಾನೋ. ಅದರ ಮಂದ್ರದ ತಂತಿಗಳ ನಾದ ಬೇಗ ಕರಗುತ್ತದೆ. ಎಡಗೈಗೆ ಬರೆದ ದಟ್ಟ ಸ್ವರಗುಚ್ಛಗಳು (ಒಟ್ಟಿಗೆ ನುಡಿಸುವ ಸ್ವರಗಳು) ಅಂಥ ವಾದ್ಯದಲ್ಲಿ ಕಂಠವನ್ನು ನುಂಗುವುದಿಲ್ಲ, ಇಂದಿನ ಎರಕದ ಕಬ್ಬಿಣದ ಚೌಕಟ್ಟಿನ ಪಿಯಾನೋದಲ್ಲಿ ನುಂಗುತ್ತವೆ. ಇದು ತಲೆಯಲ್ಲಿದ್ದರೆ ಮೈಕನ್ನು ಪಿಯಾನೋದ ಬಾಲದ ಕಡೆಗೆ ಒಯ್ಯುವ ಆಸೆ ಹುಟ್ಟುವುದಿಲ್ಲ.

ಪಿಯಾನೋವನ್ನು ಹಾಲ್‌ನ ಉದ್ದದ ಮೂರನೇ ಒಂದು ಭಾಗದಲ್ಲಿ, ಗೋಡೆಗೆ ಸಮಾನಾಂತರವಾಗದಂತೆ ಸುಮಾರು 15 ಡಿಗ್ರಿ ಓರೆಯಾಗಿ ನಿಲ್ಲಿಸಿದೆ. ಮುಚ್ಚಳ ಪೂರ್ತಿ ತೆರೆದಿದೆ. ಕಂಠಕ್ಕೆ ದಾರಿ ಬಿಡಲೆಂದು ಚಿಕ್ಕ ಕೋಲಿಗೆ ಇಳಿಸುವ ಅಭ್ಯಾಸ ಕಛೇರಿಯಲ್ಲಿ ಸರಿ. ಮುದ್ರಣದಲ್ಲಿ ಹಾಗೆ ಮಾಡಿದರೆ ಸದ್ದು ಕಡಿಮೆಯಾಗುವುದಕ್ಕಿಂತ ಮಸುಕಾಗುವುದೇ ಹೆಚ್ಚು. ಮೇಲಿನ ಸ್ಥಾಯಿಯ ಹೊಳಪು ಹೋಗುತ್ತದೆ, ಮಂದ್ರ ಹಾಗೇ ಉಳಿಯುತ್ತದೆ.

ಹೀಟರ್ ನಡೆದ ಹಾಲ್‌ನಲ್ಲಿ ಆರ್ದ್ರತೆ ಶೇ 32ಕ್ಕೆ ಇಳಿದಿತ್ತು. ಪಿಯಾನೋ ಬಯಸುವುದು ಶೇ 45ರಿಂದ 50. ಗಾಳಿ ಒಣಗಿದರೆ ನಾದಫಲಕದ ಮರ ಕುಗ್ಗಿ, ಅದರ ಉಬ್ಬು ತಗ್ಗಿ, ಶ್ರುತಿ ಇಳಿಯುತ್ತದೆ, ನಡು ಸ್ಥಾಯಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಮಂಗಳೂರಿನ ಮಳೆಗಾಲದಲ್ಲಿ ಪಿಯಾನೋ ಇಟ್ಟುಕೊಂಡವರು ಕಾಣುವುದು ಇದರ ತಿರುಗುಮುರುಗು: ಮರ ಉಬ್ಬಿ ಶ್ರುತಿ ಏರುತ್ತದೆ, ಬೆರಳಿನಿಂದ ಒತ್ತುವ ಕೀಗಳು ಅಂಟಿಕೊಳ್ಳುತ್ತವೆ. ಎರಡು ಆರ್ದ್ರಕ ಯಂತ್ರಗಳನ್ನು ಹಿಂದಿನ ಸಂಜೆಯಿಂದಲೇ ಓಡಿಸಿದ ಮೇಲೆ ಬೆಳಿಗ್ಗೆ ಶೇ 44 ಸಿಕ್ಕಿತು. ಶ್ರುತಿ: ಎ ಸ್ವರ 442 ಹರ್ಟ್ಜ್. ಟ್ಯೂನರ್ ಎರಡೂ ದಿನ ಹಾಲ್‌ನಲ್ಲೇ ಇರಬೇಕು, ಪ್ರತಿ ವಿರಾಮದಲ್ಲಿ ಮೂರು ತಂತಿಯ ಸ್ವರಗಳನ್ನು ಮತ್ತೆ ಕೂಡಿಸಬೇಕು. ಈ ಖರ್ಚನ್ನು ಉಳಿಸಲು ಹೋದರೆ ಬೆಳಗಿನ ಟೇಕ್‌ಗೆ ಸಂಜೆಯ ಟೇಕ್ ಅಂಟುವುದಿಲ್ಲ. ಆಗ ಯಾವ ಸಾಫ್ಟ್‌ವೇರೂ ಕೈ ಹಿಡಿಯುವುದಿಲ್ಲ.

ಸಣ್ಣ ರಿಪೇರಿಗಳು ಒಂದು ಗಂಟೆ ತಿಂದವು. ಬಲ ಪೆಡಲ್ ಕಿರ್ ಅನ್ನುತ್ತಿತ್ತು. ಎಣ್ಣೆ ಹಾಕಬಾರದು, ಅದು ಧೂಳು ಹಿಡಿದು ಹದಿನೈದು ದಿನದಲ್ಲಿ ಇನ್ನೂ ಜೋರಾಗಿ ಕಿರುಗುಟ್ಟುತ್ತದೆ. ಲಿವರ್ ಮತ್ತು ಸ್ಪ್ರಿಂಗ್ ಕೂಡುವ ಜಾಗದ ಫೆಲ್ಟ್‌ಗೆ ಟಾಲ್ಕ್ ಪುಡಿ ಹಚ್ಚಿದಾಗ ಸದ್ದು ನಿಂತಿತು. ಬೆಂಚಿನ ಬೋಲ್ಟ್‌ಗಳನ್ನು ಬಿಗಿಮಾಡಿ, ಕಾಲಡಿಗೆ ದಪ್ಪ ಕಾರ್ಪೆಟ್ ತುಂಡು ಹಾಕಿದೆ. ಪಿಯಾನೋ ವಾದಕ ಚರ್ಮದ ಅಟ್ಟೆಯ ಬೂಟು ಬಿಟ್ಟು ಮೆತ್ತನೆ ಅಟ್ಟೆಯದು ಹಾಕಬೇಕು, ಪೆಡಲ್ ಮೇಲೆ ಅಟ್ಟೆ ಜಾರುವ ಸದ್ದು ಮೆಲ್ಲನೆಯ ಹಾಡುಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹಾಳೆ ತಿರುವುವ ಸದ್ದು ಬೇಡವೆಂದು ಪ್ರತಿ ಹಾಡಿನ ನೆರಳಚ್ಚನ್ನು ರಟ್ಟಿಗೆ ಅಂಟಿಸಿ ಉದ್ದಕ್ಕೆ ಹರಡಿದೆ.

ಯಾರು ಎಲ್ಲಿ ನಿಲ್ಲಬೇಕು

ಮೊದಲ ಪ್ರಯತ್ನ ಕಛೇರಿಯ ಜಾಗ: ಗಾಯಕ ಪಿಯಾನೋದ ಬಾಗಿನಲ್ಲಿ, ಬೆನ್ನು ಮುಚ್ಚಳದ ಕಡೆ. ಹೀಗೆ ನಿಂತಾಗ ಕಂಠದ ಮೈಕು ಗಾಯಕನ ಮುಖದ ಜೊತೆಗೆ ತೆರೆದ ಪಿಯಾನೋವನ್ನೂ ನೇರವಾಗಿ ನೋಡುತ್ತದೆ. ಆ ಮೈಕನ್ನು ಸ್ವಲ್ಪ ಏರಿಸಿದರೂ ಪಿಯಾನೋದ ನಡು ಸ್ಥಾಯಿ ಗಡುಸಾಗಿ ಮುಂದೆ ಬರುತ್ತದೆ. 20 ನಿಮಿಷದಲ್ಲಿ ಇದನ್ನು ಕೈಬಿಟ್ಟದ್ದಾಯಿತು.

ಎರಡನೆಯದು: ಗಾಯಕ ಪಿಯಾನೋಗೆ ಮುಖ ಮಾಡಿ 2.5 ಮೀಟರ್ ದೂರದಲ್ಲಿ. ಕಂಠದ ಮೈಕು ಕಾರ್ಡಿಯಾಯ್ಡ್, ಬಾಯಿಂದ 75 ಸೆಂಟಿಮೀಟರ್, ಬೆನ್ನು ಪಿಯಾನೋ ಕಡೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನಿನ ಕಡೆ ಕಿವಿ ಮಂದ, ಹಾಗಾಗಿ ಪಿಯಾನೋ ಸೋರಿಕೆ ಬಹಳ ಇಳಿಯಿತು. ಇಬ್ಬರ ಕಣ್ಣೂ ಕೂಡುತ್ತವೆ, ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ. ಆದರೆ ಎಲ್ಲ ಮೈಕು ಕೂಡಿಸಿ ಕೇಳಿದಾಗ ಕಂಠ ಟೊಳ್ಳಾಗಿತ್ತು, ಬಿದಿರ ಕೊಳವೆಯಲ್ಲಿ ಹಾಡಿದ ಹಾಗೆ.

ಕಾರಣ ಟೇಪ್ ಹಿಡಿದಾಗ ಕಂಡಿತು. ಪಿಯಾನೋ ಜೋಡಿ ಮೈಕುಗಳಿಗೆ ಗಾಯಕನ ಬಾಯಿಂದ ಎತ್ತರವೂ ಸೇರಿ 1.2 ಮೀಟರ್, ಅವನದೇ ಮೈಕಿಗೆ 0.75. ವ್ಯತ್ಯಾಸ 45 ಸೆಂಟಿಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು 0.9ರಿಂದ, ಅಂದರೆ ವ್ಯತ್ಯಾಸದ ಎರಡರಷ್ಟರಿಂದ, ಭಾಗಿಸಿದರೆ 381 ಹರ್ಟ್ಜ್. ಆ ಆವೃತ್ತಿಯಲ್ಲಿ ಎರಡು ಮೈಕಿನ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಗೇನ್ (ಮೈಕಿನ ಸದ್ದನ್ನು ಏರಿಸುವ ಮಟ್ಟ) ಎರಡಕ್ಕೂ ಒಂದೇ ಎಂದು ಹಿಡಿದರೆ ಅಲ್ಲಿ ಬೀಳುವ ಗುಂಡಿ 8.5 ಡೆಸಿಬೆಲ್. ಅದು ಬಿದ್ದದ್ದಾದರೂ ಎಲ್ಲಿ? ಎಫ್ ಶಾರ್ಪ್ ಮತ್ತು ಜಿ ನಡುವೆ, ಟೆನರ್ ಕಂಠ ಎದೆಯಿಂದ ತಲೆಗೆ ದಾಟುವ ಹೊಸ್ತಿಲಲ್ಲಿ. ಗಾಯಕ ಅಲ್ಲಿ ಎಷ್ಟು ಚೆಂದ ದಾಟಿದರೂ ಮುದ್ರಣದಲ್ಲಿ ಮುಗ್ಗರಿಸಿದಂತೆ ಕೇಳುತ್ತಿತ್ತು. ಈ ದೋಷವನ್ನು ಗಾಯಕನ ತಲೆಗೆ ಕಟ್ಟುವುದು ಸುಲಭ, ಹಾಗೆ ಕಟ್ಟಿದರೆ ಅವನ ಇಡೀ ದಿನ ಹಾಳು.

ಮದ್ದು ಹಳೆಯ ಒಂದಕ್ಕೆ ಮೂರರ ಲೆಕ್ಕ. ಸ್ವಂತ ಮೈಕು 0.75 ಮೀಟರ್ ಇದ್ದರೆ ಪರರ ಮೈಕು ಕನಿಷ್ಠ 2.25 ಇರಬೇಕು. ಗಾಯಕನನ್ನು ಪಿಯಾನೋದಿಂದ 3.75 ಮೀಟರಿಗೆ ಹಿಂದೆ ಸರಿಸಿದಾಗ ಸೋರಿದ ಕಂಠ 9.5 ಡೆಸಿಬೆಲ್ ಕೆಳಗಿಳಿದು, ಏರಿಳಿತ ಮೇಲೆ 2.5, ಕೆಳಗೆ 3.5ಕ್ಕೆ ನಿಂತಿತು. ಅದರೊಳಗೆ ಹಾಲ್‌ನ ಸದ್ದು ತುಂಬಿಕೊಂಡು ಕಿವಿಗೆ ತಿಳಿಯದಾಯಿತು. ಇದಕ್ಕೆ ತೆತ್ತ ಬೆಲೆಯೂ ಇದೆ. 3.75 ಮೀಟರ್ ದಾಟಲು ಸದ್ದಿಗೆ 11 ಮಿಲಿಸೆಕೆಂಡ್ ಬೇಕು, ಇಬ್ಬರೂ ಒಬ್ಬರನ್ನೊಬ್ಬರು ಅಷ್ಟು ತಡವಾಗಿ ಕೇಳುತ್ತಾರೆ. ನಿಧಾನದ ಹಾಡುಗಳಲ್ಲಿ ಗೊತ್ತಾಗುವುದಿಲ್ಲ. ಮೂರನೆಯ ಹಾಡು ‘ಡೀ ರೋಜೆ, ಡೀ ಲೀಲಿಯೆ’ ಅರ್ಧ ನಿಮಿಷದಲ್ಲಿ ಓಡಿ ಮುಗಿಯುವಂಥದ್ದು. ಅದರಲ್ಲಿ ಗೊತ್ತಾಯಿತು, ಅದೊಂದಕ್ಕೇ ಆರು ಟೇಕ್ ಬೇಕಾಯಿತು.

ಕಂಠದ ಮೈಕನ್ನು 4.4 ಮಿಲಿಸೆಕೆಂಡ್ ತಡಮಾಡಿ ಪಿಯಾನೋ ಜೋಡಿಗೆ ಕಾಲದಲ್ಲಿ ಕೂಡಿಸುವುದನ್ನೂ ಪರೀಕ್ಷಿಸಿದ್ದಾಯಿತು. ಕಂಠ ದುಂಡಗಾಯಿತು, ನಿಜ. ಆದರೆ ಕಂಠದ ಮೈಕಿಗೆ ಸೋರಿದ ಪಿಯಾನೋ ಮೊದಲೇ 4.4 ತಡ, ಈಗ 8.7 ಆಗಿ ಮೇಲಿನ ಸ್ವರಗಳ ಮೊನೆ ಮೊಂಡಾಯಿತು. ಕೈಬಿಟ್ಟದ್ದೇ ಸರಿ.

ಕೊನೆಗೆ ನಿಂತ ಜೋಡಣೆ ಹೀಗೆ. ಪಿಯಾನೋಗೆ ನಾಯ್ಮನ್ ಕಂಪನಿಯ ಕೆಎಂ 183 ಓಮ್ನಿ ಮೈಕು ಒಂದು ಜೋಡಿ, ನಡುವೆ 45 ಸೆಂಟಿಮೀಟರ್, ಎತ್ತರ 1.7 ಮೀಟರ್, ಸುತ್ತಿಗೆಗಳು ಮತ್ತು ಬಾಗಿನ ನಡುಮಧ್ಯಕ್ಕೆ ಗುರಿ. ಹಾಲ್‌ಗೆ ಇನ್ನೊಂದು ಓಮ್ನಿ ಜೋಡಿ, 6 ಮೀಟರ್ ಪಕ್ಕಕ್ಕೆ, 3 ಮೀಟರ್ ಎತ್ತರಕ್ಕೆ. ಕಂಠಕ್ಕೆ ಮೊದಲು ಇಟ್ಟದ್ದು ಅದೇ ಕಂಪನಿಯ ಟಿಎಲ್‌ಎಂ 103. ಅದರ ಸ್ವಂತ ಗದ್ದಲ ಬರೀ 7 ಡೆಸಿಬೆಲ್, ಆದರೆ 5 ಕಿಲೋಹರ್ಟ್ಜ್ ಮೇಲೆ ಅಗಲವಾದ ಏರು ಇದೆ. ‘ಶ್’, ‘ಸ್’, ‘ತ್ಸ್’ ತುಂಬಿದ ಜರ್ಮನ್ ಭಾಷೆಗೆ ಆ ಏರು ಮುಳ್ಳಾಯಿತು. ಅದರ ಜಾಗಕ್ಕೆ ಕೆಎಂ 184 ಬಂತು. ಅದರ ಗದ್ದಲ 13 ಡೆಸಿಬೆಲ್. ಹಾಲ್‌ನದೇ 21 ಇರುವಾಗ ಆ ಹೆಚ್ಚಳ ಲೆಕ್ಕಕ್ಕಿಲ್ಲ. ಮೈಕನ್ನು ಕಣ್ಣಿಗಿಂತ ಒಂದು ಗೇಣು ಮೇಲಿಟ್ಟು ಕೆಳಮುಖ ಮಾಡಿದರೆ ಉಸಿರಿನ ಹೊಡೆತ ಕೆಳಗೆ ಹಾದುಹೋಗುತ್ತದೆ. ಗಾಯಕನ ಸಂಗೀತದ ಸ್ಟ್ಯಾಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಬಹುತೇಕ ಮಲಗಿಸಿ, ಉಣ್ಣೆ ಬಟ್ಟೆ ಹೊದೆಸಬೇಕು. ಬರಿಯ ತಗಡು ಕಂಠವನ್ನು ಮೈಕಿಗೆ ಎರಡನೇ ಸಲ ಎಸೆಯುತ್ತದೆ.

ಕಂಠದ ಮೈಕು ಊಟದ ಪಕ್ಕದ ಉಪ್ಪಿನಕಾಯಿಯಷ್ಟೇ ಇರಲಿ. ಕಂಠದ ಬಹುಪಾಲು ಪಿಯಾನೋ ಜೋಡಿ ಮತ್ತು ಹಾಲ್ ಜೋಡಿಯಿಂದಲೇ ಬರುವಂತಾದ ಮೇಲೆ, ಮಾತು ಅರ್ಥವಾಗುವ ತನಕ ಮಾತ್ರ ಇದನ್ನು ಏರಿಸಬೇಕು.

ಗೇನ್ ಇಟ್ಟದ್ದು ಏಳನೆಯ ಹಾಡು ‘ಇಶ್ ಗ್ರೊಲ್ಲೆ ನಿಶ್ಟ್’ನ ತುದಿಯ ಎ ಸ್ವರಕ್ಕೆ. ಶೂಮನ್ ಅದನ್ನು ಐಚ್ಛಿಕವಾಗಿ ಬರೆದಿದ್ದರೂ ಟೆನರ್‌ಗಳು ಬಿಡುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಗಾಯಕರು ಕಂಠ ಉಳಿಸಿಕೊಳ್ಳುತ್ತಾರೆ, ನಿಜವಾದ ಟೇಕ್‌ನಲ್ಲಿ 6 ಡೆಸಿಬೆಲ್ ಜೋರಾಗುವುದು ಸಾಮಾನ್ಯ. ಪರೀಕ್ಷೆಯಲ್ಲಿ ತುದಿ ಮೈನಸ್ 16 ಡೆಸಿಬೆಲ್ ಬಂದರೆ ಸಾಕು. ಮುದ್ರಣದ ಗುಣಮಟ್ಟ 24 ಬಿಟ್, 96 ಕಿಲೋಹರ್ಟ್ಜ್.

ಟೇಕ್‌ಗಳು

ಒಂದರಿಂದ ಹದಿನಾರರವರೆಗೆ ಸಾಲಾಗಿ ಹೋಗಿಲ್ಲ. ಮೊದಲ ದಿನ ಬೆಳಿಗ್ಗೆ 2, 4, 5, 8. ಕಂಠ ತೆರೆದುಕೊಂಡ ಮೇಲೆ, ದಣಿಯುವ ಮೊದಲು, 7. ಊಟದ ನಂತರ 3, 6, 9, 11. ಎರಡನೇ ದಿನ 1, 10, 14, 15, ಆಮೇಲೆ 13, ಕೊನೆಗೆ 12 ಮತ್ತು 16 ಒಟ್ಟಿಗೆ.

ಈ ಕೊನೆಯ ಜೋಡಿಗೆ ಗಟ್ಟಿ ಕಾರಣವಿದೆ. ಹನ್ನೆರಡನೆಯ ಹಾಡಿನ ಕೊನೆಯಲ್ಲಿ ಪಿಯಾನೋ ಒಂಟಿಯಾಗಿ ನುಡಿಸುವ ಮಾತನ್ನು ಶೂಮನ್ ಹದಿನಾರನೆಯ ಹಾಡಿನ ಕೊನೆಯಲ್ಲಿ ಮತ್ತೆ ತರುತ್ತಾನೆ. ಕೇಳುವವರಿಗೆ ಅದು ಮರೆತ ಮುಖ ಮತ್ತೆ ಕಂಡ ಹಾಗೆ ಆಗಬೇಕು. ಎರಡನ್ನೂ ಬೇರೆ ಬೇರೆ ದಿನ, ಬೇರೆ ಆರ್ದ್ರತೆಯಲ್ಲಿ ಮುದ್ರಿಸಿದರೆ ವಾದ್ಯದ ಬಣ್ಣ ಬದಲಾಗಿ ಆ ಗುರುತು ಸಿಗದೆ ಹೋಗುತ್ತದೆ. ಆದ್ದರಿಂದ ಒಂದೇ ಶ್ರುತಿಯ ಮೇಲೆ, ನಡುವೆ ವಿರಾಮವಿಲ್ಲದೆ.

ಪ್ರತಿ ಹಾಡಿಗೆ ಮೊದಲು ಎರಡು ಪೂರ್ತಿ ಟೇಕ್. ಆಮೇಲೆ ತುಂಡುಗಳು. ತಿದ್ದುವ ಜಾಗಕ್ಕಿಂತ ನಾಲ್ಕು ಬಾರ್ (ತಾಳದ ಒಂದು ಸುತ್ತು) ಹಿಂದಿನಿಂದ ಶುರುಮಾಡಿ ನಾಲ್ಕು ಬಾರ್ ಮುಂದಕ್ಕೆ ಹೋಗಲೇಬೇಕು. ದೋಷವಿದ್ದ ಬಾರನ್ನಷ್ಟೇ ನುಡಿಸಿದರೆ ಅದರ ಹಿಂದಿನ ಸ್ವರಗಳ ಗುಂಗು ಹಾಲ್‌ನಲ್ಲಿ ಇರುವುದಿಲ್ಲ, ಅಂಟಿಸಿದಾಗ ಆ ಕೊರತೆ ಗುಂಡಿಯಂತೆ ಕೇಳುತ್ತದೆ. ಪೂರ್ತಿ ಟೇಕ್ ಬೆನ್ನೆಲುಬು, ತುಂಡುಗಳು ತೇಪೆ. ತೇಪೆಯಿಂದಲೇ ಅಂಗಿ ಹೊಲಿಯಲು ಹೊರಟರೆ ಹಾಡಿನ ಉಸಿರು ನಿಂತುಹೋಗುತ್ತದೆ.

ಹದಿಮೂರನೆಯದು, ‘ಇಶ್ ಹಾಬ್ ಇಮ್ ಟ್ರೌಮ್ ಗೆವೈನೆಟ್’, ಇಡೀ ಕೆಲಸದ ಸತ್ವಪರೀಕ್ಷೆ. ಸ್ವರಶ್ರೇಣಿ ಇ ಫ್ಲ್ಯಾಟ್ ಮೈನರ್. ಕಂಠ ಒಂಟಿಯಾಗಿ ಒಂದು ಸಾಲು ಹಾಡುತ್ತದೆ, ಮೌನ, ಪಿಯಾನೋ ಕೆಳಗಿನ ಸ್ಥಾಯಿಯಲ್ಲಿ ಎರಡು ಮೂರು ಗಿಡ್ಡ ಗುಚ್ಛ ತಟ್ಟುತ್ತದೆ, ಮತ್ತೆ ಮೌನ. ಇಲ್ಲಿ ಅವಿತುಕೊಳ್ಳಲು ಜಾಗವಿಲ್ಲ. ಬೆಂಚು, ಉಸಿರು, ಅಂಗಿಯ ತೋಳು, ಹೊರಗಿನ ಟ್ರ್ಯಾಕ್ಟರ್ ಎಲ್ಲವೂ ಆ ಮೌನದಲ್ಲಿ ಕೇಳುತ್ತವೆ. ಆಸರೆಯಿಲ್ಲದ ಕಂಠ ಕೂದಲೆಳೆಯಷ್ಟು ಇಳಿದರೂ ಮುಂದಿನ ಗುಚ್ಛ ಅದನ್ನು ಎತ್ತಿ ತೋರಿಸುತ್ತದೆ. ಕತ್ತರಿಸಲು ಎಷ್ಟೊಂದು ಮೌನವಿದೆಯಲ್ಲ, ಬೇರೆ ಬೇರೆ ಟೇಕ್‌ನಿಂದ ಸಾಲು ಹೆಕ್ಕಬಹುದು ಅನ್ನಿಸುತ್ತದೆ. ಹೆಕ್ಕಿ ನೋಡಿದರೆ ಮೌನದ ಉದ್ದ ಸುಳ್ಳಾಗುತ್ತದೆ. ಇಬ್ಬರೂ ಒಟ್ಟಿಗೆ ಕಾದ ಮೌನಕ್ಕೊಂದು ಬಿಗಿ ಇರುತ್ತದೆ, ಮೌಸಿನಿಂದ ಅಳೆದದ್ದಕ್ಕೆ ಅದು ಬರುವುದಿಲ್ಲ. ನಾಲ್ಕನೆಯ ಟೇಕನ್ನು ಒಂದೂ ಕತ್ತರಿಯಿಲ್ಲದೆ ಉಳಿಸಿಕೊಂಡದ್ದಾಯಿತು.

ಪ್ರತಿ ವಿರಾಮದ ಮೊದಲು ವಾದಕ ಕೂತಲ್ಲೇ, ಗಾಯಕ ನಿಂತಲ್ಲೇ ಅಲುಗದೆ ಇದ್ದು 60 ಸೆಕೆಂಡ್ ಖಾಲಿ ಹಾಲ್ ಮುದ್ರಿಸಬೇಕು. ಹಾಡುಗಳ ನಡುವೆ ತುಂಬಲು ಅದು ಬೇಕು. ಬೆಳಗಿನ ಹಾಲ್‌ನ ಗಾಳಿಯೇ ಬೇರೆ, ಸಂಜೆಯದೇ ಬೇರೆ.

ಕತ್ತರಿ ಮತ್ತು ಮಿಕ್ಸ್

ಪಿಯಾನೋ ಸ್ವರ ಹುಟ್ಟುವುದಕ್ಕೆ 5ರಿಂದ 10 ಮಿಲಿಸೆಕೆಂಡ್ ಮೊದಲು ಕತ್ತರಿಸಿದರೆ ಆ ಪೆಟ್ಟೇ ಹೊಲಿಗೆಯನ್ನು ಮುಚ್ಚುತ್ತದೆ. ಕಂಠದಲ್ಲಿ ‘ತ್’, ‘ಕ್’ ವ್ಯಂಜನಗಳ ಮುಂಚಿನ ಕಿರುಮೌನ ಒಳ್ಳೆಯ ಜಾಗ, 15 ಮಿಲಿಸೆಕೆಂಡ್ ಬೆಸುಗೆ ಸಾಕು. ಉದ್ದ ಸ್ವರದ ಮಧ್ಯೆ, ಪೆಡಲ್ ಒತ್ತಿ ಹಿಡಿದಿರುವಾಗ ಕೈಹಾಕಬಾರದು, ಎರಡು ಟೇಕ್‌ನ ಗುಂಗು ಎಂದೂ ಒಂದೇ ಇರುವುದಿಲ್ಲ. ಉಸಿರನ್ನು ಅಳಿಸಬೇಡಿ. ತೀರಾ ಜೋರಿದ್ದರೆ 3 ಡೆಸಿಬೆಲ್ ಇಳಿಸಿ ಬಿಟ್ಟುಬಿಡಿ.

ಕಂಪ್ರೆಸರ್ (ಜೋರು ಮತ್ತು ಮೆಲ್ಲನೆಯ ಸದ್ದಿನ ಅಂತರ ಕುಗ್ಗಿಸುವ ಸಾಧನ) ಇಲ್ಲ. ಕಂಠದ ಮೈಕಿಗೆ 80 ಹರ್ಟ್ಜ್ ಕೆಳಗೆ ಕಡಿತ, 7 ಕಿಲೋಹರ್ಟ್ಜ್ ಆಸುಪಾಸು 1.5 ಡೆಸಿಬೆಲ್ ತಗ್ಗು. ಕೃತಕ ಅನುರಣನ ಕಂಠದ ಮೈಕಿಗೆ ಮಾತ್ರ, 1.7 ಸೆಕೆಂಡ್, ಇದೆಯೋ ಇಲ್ಲವೋ ಅನ್ನುವಷ್ಟು. 16 ಹಾಡನ್ನೂ ಒಂದೇ ಕೃತಿಯಾಗಿ ಅಳೆದು, ಕಿವಿಗೆ ಕೇಳುವ ಜೋರಿನ ಅಳತೆಯಲ್ಲಿ ಮೈನಸ್ 20 ಎಲ್‌ಯುಎಫ್‌ಎಸ್‌ಗೆ ತಂದದ್ದಾಯಿತು. ಹಾಡು ಹಾಡನ್ನೂ ಬೇರೆಬೇರೆ ಸಮಮಾಡಿದರೆ ಹದಿಮೂರನೆಯ ಹಾಡಿನ ಪಿಸುಮಾತು ಏಳನೆಯದರ ಕೂಗಿನಷ್ಟೇ ಜೋರಾಗಿ ಎದ್ದು ನಿಲ್ಲುತ್ತದೆ. ಕೆಳಗಿನ ಕಂಠದವರು ಹಾಡುವುದಾದರೆ ಎಲ್ಲ ಹಾಡನ್ನೂ ಒಂದೇ ಅಂತರದಷ್ಟು ಇಳಿಸಬೇಕು ಅನ್ನುವುದೂ ಇದೇ ಕಾರಣಕ್ಕೆ, ಹಾಡಿಂದ ಹಾಡಿಗೆ ಶ್ರುತಿಯ ಮೆಟ್ಟಿಲುಗಳನ್ನು ಶೂಮನ್ ಯೋಚಿಸಿಯೇ ಇಟ್ಟಿದ್ದಾನೆ.

ಹಾಡುಗಳ ನಡುವಿನ ಅಂತರಕ್ಕೆ ಒಂದು ಇಡೀ ಸಂಜೆ ಕೊಟ್ಟದ್ದು ದಂಡವಾಗಲಿಲ್ಲ. ಮೊದಲ ಹಾಡು ಮುಗಿಯುವುದೇ ಇಲ್ಲ. ಸಿ ಶಾರ್ಪ್‌ನ ಸೆವೆಂತ್ ಗುಚ್ಛದ (ಮುಂದಿನ ಸ್ವರಕ್ಕೆ ಹಾತೊರೆಯುವ ಸ್ವರಗುಚ್ಛ) ಮೇಲೆ ಪ್ರಶ್ನೆಯಂತೆ ನಿಂತುಬಿಡುತ್ತದೆ. ಸಾಮಾನ್ಯ 4 ಸೆಕೆಂಡ್ ಕೊಟ್ಟರೆ ಪ್ರಶ್ನೆ ಮರೆತುಹೋಗುತ್ತದೆ, 1 ಸೆಕೆಂಡಿಗೆ ಅವಸರದ ಉತ್ತರ ಕೊಟ್ಟಂತಾಗುತ್ತದೆ. ಗುಂಗು ಪೂರ್ತಿ ಅಡಗಿ ಒಂದು ಉಸಿರಿನ ಹೊತ್ತು, ಒಟ್ಟು 2.3 ಸೆಕೆಂಡ್. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಇನ್ನೂ ಕಡಿಮೆ. ಹನ್ನೆರಡಾದ ಮೇಲೆ 5, ಹದಿಮೂರಾದ ಮೇಲೆ 6.

ಹದಿನಾರನೆಯದು ಡಿ ಫ್ಲ್ಯಾಟ್ ಮೇಜರ್‌ನಲ್ಲಿ, ಗಾಯಕ ಸುಮ್ಮನಾಗಿ ಬಹಳ ಹೊತ್ತಾದ ಮೇಲೆ ಮುಗಿಯುತ್ತದೆ. ಗಾಯಕ ಅಷ್ಟೂ ಹೊತ್ತು ಮೈಕಿನ ಮುಂದೆ ಅಲುಗದೆ ನಿಲ್ಲಬೇಕು. ಪಕ್ಕಕ್ಕೆ ಸರಿದರೂ ಮರದ ನೆಲ ಮಾತಾಡುತ್ತದೆ. ಕೊನೆಯ ಗುಚ್ಛದ ನಾದ 9 ಸೆಕೆಂಡ್ ಉಳಿಯಿತು. ವಾದಕ ಪೆಡಲಿನಿಂದ ಪಾದ ಎತ್ತುವಾಗ ಡ್ಯಾಂಪರ್‌ಗಳು ತಂತಿಯ ಮೇಲೆ ಕೂರುವ ಉಸಿರಿನಂಥ ಸದ್ದನ್ನು ಹಾಗೇ ಇಟ್ಟು, ಅಲ್ಲಿಂದ ಖಾಲಿ ಹಾಲ್‌ನ 3 ಸೆಕೆಂಡಿಗೆ ಇಳಿಸಿ ನಿಲ್ಲಿಸಿದೆ.